ಚಂದ್ರಕ್ಕನ ಸಸಿಮಡಿಗೆ ಬಂದ ಎಲೆಪಟ್ಟೆ ರೋಗ

ಅಡಿಕೆ ಸಸಿಯ ಎಲೆ ಕೆಟ್ಟರೆ ನಮ್ಮೂರಲ್ಲಿ ಔಷಧಿ ಹೇಳುವವರಿಗೆ ಬರವಿಲ್ಲ. ಒಬ್ಬರು ಬಿಸಿಲು ಹೊಡೆದಿದೆ ಅನ್ನುತ್ತಾರೆ. ಇನ್ನೊಬ್ಬರು ಸತ್ವ ಕಮ್ಮಿಯಾಗಿದೆ, ಒಂದು ಹಿಡಿ ಗೊಬ್ಬರ ಹಾಕು ಅನ್ನುತ್ತಾರೆ. ಮೂರನೆಯವರು ದೃಷ್ಟಿಯಾಗಿದೆ ಎಂದು ಬೇಲಿಗೆ ಹಳೆ ಚಪ್ಪಲಿ ಕಟ್ಟಿಸುತ್ತಾರೆ. ಆ ಎಲೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುವವರು ಮಾತ್ರ ಸಿಗುವುದಿಲ್ಲ. ನಾನೂ ನೋಡಿರಲಿಲ್ಲ. ಅದಕ್ಕೇ ಈ ಕಥೆ ಹೇಳಬೇಕಾಗಿ ಬಂತು.

ನನ್ನ ಹೆಸರು ಚೌಡೇಶ್ವರಿ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯವಳು, ನಮ್ಮ ಮಹಿಳಾ ಸಂಘದ ಕಾರ್ಯದರ್ಶಿ. ನನ್ನ ಬಾಯಿ ಸ್ವಲ್ಪ ಜೋರು ಎಂದು ಊರಿಗೆಲ್ಲ ಗೊತ್ತು. ಆ ಬಾಯಿಯಿಂದ ಆದ ಅನಾಹುತವೂ ಈ ಕಥೆಯಲ್ಲಿದೆ. ಮುಚ್ಚಿಡುವುದಿಲ್ಲ.

ನಮ್ಮ ತೋಟದ ಬದು ದಾಟಿದರೆ ಚಂದ್ರಕ್ಕನ ತೋಟ. ಅವಳ ಗಂಡ ಪಾಲಯ್ಯ ತೀರಿಕೊಂಡು ಐದು ವರ್ಷವಾಯಿತು. ಮಕ್ಕಳಿಲ್ಲ. ಹಳೆಯ ಎತ್ತರದ ಅಡಿಕೆ ಮರಗಳ ನಡುವೆ ಅವಳು ಸಸಿ ಬೆಳೆಸಿ ಸುತ್ತಲ ಹಳ್ಳಿಗಳಿಗೆ ಕೊಡುತ್ತಾಳೆ. ಪ್ಯಾಕೆಟ್‌ಗೆ ಮಣ್ಣು ತುಂಬುವ ಕೆಲಸಕ್ಕೆ ಸಂಘದ ಎಂಟು ಹೆಂಗಸರು ದಿನಾ ಬೆಳಿಗ್ಗೆ ಹೋಗುತ್ತಿದ್ದೆವು. ಕೂಲಿ ಒಂದು ನೆಪ, ಹೋಗುತ್ತಿದ್ದದ್ದು ಹರಟೆಗೆ. ಯಾರ ಸೊಸೆ ಮುನಿಸಿಕೊಂಡಳು, ಯಾರ ಎಮ್ಮೆ ಯಾರ ಜೋಳಕ್ಕೆ ನುಗ್ಗಿತು, ಎಲ್ಲ ಅಲ್ಲೇ ತೀರ್ಮಾನ. ಚಂದ್ರಕ್ಕ ಮಾತಾಡುವುದು ಕಡಿಮೆ. ನಗುತ್ತಾ ಕೇಳುತ್ತಾಳೆ, ಚಾ ಕಾಸುತ್ತಾಳೆ. ಅವಳದೂ ಸೇರಿ ಒಂಬತ್ತು ಸ್ಟೀಲ್ ಲೋಟ. ನಾವು ಸೀರೆ ಕೊಡವಿ ಎದ್ದರೆ, "ಇಷ್ಟು ಬಿರ್ರನೆ ಹೊಂಟ್ರಾ?" ಎನ್ನುತ್ತಿದ್ದಳು. ಮೂರು ತಾಸು ಕೂತು ಎದ್ದರೂ ಅದೇ ಮಾತು. ನಾವು ಅದನ್ನೇ ಹಿಡಿದು ಅವಳನ್ನು ರೇಗಿಸುತ್ತಿದ್ದೆವು. ಅದರ ಹಿಂದೆ ಒಂಟಿ ಮನೆಯ ಭಯವಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಕಳೆದ ಶ್ರಾವಣದಲ್ಲಿ ಸಸಿಮಡಿಯ ಚಪ್ಪರ ಹೊಸದಾಗಿ ಹಾಕಬೇಕಾಯಿತು. ನಮ್ಮ ಕಡೆ ಎಳೆ ಸಸಿಗಳಿಗೆ ನೆರಳಿಗಾಗಿ ಅಡಿಕೆ ಸೋಗೆಯದೇ ಚಪ್ಪರ. ಸೋಗೆ ಅಂದರೆ ಅಡಿಕೆ ಮರದ ಉದ್ದನೆಯ ಗರಿ. ಚಪ್ಪರಕ್ಕೆ ಸೋಗೆ ಕೇಳಿದರೆ ನೆರೆಯವರು ಇಲ್ಲ ಅನ್ನುವುದಿಲ್ಲ. ಹಾಗೆಂದು ಒಳ್ಳೆ ಹಸಿರು ಸೋಗೆಯನ್ನೂ ಯಾರೂ ಕಡಿಯುವುದಿಲ್ಲ. ಕೆಂಪಾದದ್ದು, ಮಚ್ಚೆ ಬಿದ್ದದ್ದು, ಹೇಗೂ ಉದುರುವಂಥದ್ದು ನೋಡಿ ಕಡಿದು ಕೊಡುತ್ತೇವೆ. ಕೊಟ್ಟವರಿಗೂ ನಷ್ಟವಿಲ್ಲ, ತಗೊಂಡವರಿಗೂ ನೆರಳು ಸಿಕ್ಕಿತು. ಇದು ತಾತನ ಕಾಲದಿಂದ ನಡೆದು ಬಂದ ಲೆಕ್ಕಾಚಾರ.

ಭಾದ್ರಪದದ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಮಣ್ಣು ತುಂಬುತ್ತಾ ಕೂತಿದ್ದಾಗ ನಮ್ಮ ಎಂಟು ಜನರಲ್ಲಿ ಒಬ್ಬಳಾದ ಹನುಮಮ್ಮ ಒಂದು ಸಸಿಯ ಎಲೆ ಹಿಡಿದು, "ಇದೇನೇ ಚಂದ್ರಿ, ಗೀಟು ಎಳದಂಗೆ ಆಗೈತೆ?" ಎಂದಳು. ಎಲೆಯ ಮೇಲೆ ಉದ್ದುದ್ದಕ್ಕೆ ಕಪ್ಪು ಹಸಿರು ಗೆರೆಗಳು.

"ಬಿಸಿಲಿನ ಝಳ ಕಣವ್ವ" ಎಂದಳು ಚಂದ್ರಕ್ಕ. ಮೂರು ದಿನದಿಂದ ಬಿಸಿಲೇ ಬಂದಿರಲಿಲ್ಲ.

ಆ ಸಂಜೆ ಡೇರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ನಿಂತು ನಾನು, ಸುಮ್ಮನೆ ನಾಲಿಗೆ ಚಪಲಕ್ಕೆ, "ಚಂದ್ರಕ್ಕನ ಸಸಿಗೆ ಅದೇನೋ ರೋಗ ಬಂದೈತಂತೆ" ಎಂದೆ. ಅಷ್ಟೇ ಅಂದದ್ದು. ಮರುದಿನದ ಹೊತ್ತಿಗೆ ಅದಕ್ಕೆ ಕೈಕಾಲು ಬಂದಿತ್ತು. ಮುಟ್ಟಿದರೆ ಅಂಟುತ್ತದಂತೆ. ಆ ಮಣ್ಣು ಕಾಲಿಗೆ ಮೆತ್ತಿದರೆ ನಮ್ಮ ತೋಟವೂ ಹೋಗುತ್ತದಂತೆ. ಹನುಮಮ್ಮ, "ನಮ್ಮ ಸೊಸೆ ಸ್ವಾತಿ ಬಸುರಿ ಅದಾಳೆ, ನಾನು ಹೋಗಿ ಆ ರೋಗ ಮನಿಗೆ ತರಲಾ?" ಎಂದು ಕೂತುಬಿಟ್ಟಳು. ಒಬ್ಬಳು ಬಿಟ್ಟಳು, ಇಬ್ಬರು ಬಿಟ್ಟರು. ನನ್ನ ಗಂಡ ದುರ್ಗೇಶ್, "ಲೇ, ನೀನೂ ಹೋಗಬ್ಯಾಡ. ನಮ್ಮದು ಐದು ವರ್ಷದ ಎಳೆ ತೋಟ" ಎಂದರು. ನಾನೂ ಬಿಟ್ಟೆ.

ಹದಿನೆಂಟು ದಿನ ಹೋಗಲಿಲ್ಲ. ಬದುವಿನ ಆಚೆಗೆ ಅವಳ ರೇಡಿಯೋ ಮಾತ್ರ ಕೇಳುತ್ತಿತ್ತು. ಮೊದಲು ಸಣ್ಣಗೆ ಹಾಕುತ್ತಿದ್ದಳು, ಆಮೇಲೆ ಜೋರಾಗಿ. ಮಾತಾಡುವ ದನಿ ಯಾವುದಾದರೂ ಸರಿ, ಮನೆಯಲ್ಲಿ ಇರಲಿ ಎಂದು ಹಾಕುತ್ತಿದ್ದಳೇನೋ.

ಹತ್ತೊಂಬತ್ತನೆಯ ದಿನ ಸಂಘದ ಪುಸ್ತಕಕ್ಕೆ ಅವಳ ಸಹಿ ಬೇಕಾಗಿತ್ತು. ಹೋದೆ. ಬಾಗಿಲು ತೆರೆದೇ ಇತ್ತು. ಒಲೆಯ ಪಕ್ಕ ಒಂಬತ್ತು ಲೋಟ ತೊಳೆದು ಸಾಲಾಗಿ ಬೋರಲು ಹಾಕಿದ್ದಳು. ಒಂದರ ಮೇಲೂ ಧೂಳಿಲ್ಲ.

"ಏನಕ್ಕ, ಯಾರಾದ್ರೂ ಬಂದಿದ್ರಾ?" ಎಂದೆ.

"ಇಲ್ಲ. ಬಂದ್ರೆ ಇರಲಿ ಅಂತ ದಿನಾ ತೊಳದಿಡ್ತೀನಿ" ಎಂದಳು. "ಕುಂತ್ಕ ಚೌಡಿ. ನಿಂತೇ ಹೋಗಬ್ಯಾಡ."

ನನಗೆ ನಾಚಿಕೆಯಾಯಿತು. ಆ ಲೋಟಗಳನ್ನು ಬೋರಲು ಹಾಕಿಸಿದ್ದು ನನ್ನ ನಾಲಿಗೆ ತಾನೆ.

ಸಸಿಮಡಿಗೆ ಕರೆದುಕೊಂಡು ಹೋದಳು. ಅರ್ಧಕ್ಕೆ ಅರ್ಧ ಸಸಿಗಳಲ್ಲಿ ಗೆರೆ ಎದ್ದಿತ್ತು. ಕೆಲವು ಎಲೆ ಪೂರ್ತಿ ಒಣಗಿ ಜೋತುಬಿದ್ದಿದ್ದವು. ಅಂಗಡಿಯಿಂದ ಎರಡು ಸಲ ಔಷಧಿ ತಂದು ಹೊಡೆದಿದ್ದಾಳೆ, ಜಗ್ಗಿಲ್ಲ. ಹೆಚ್ಚು ಕೆಟ್ಟದ್ದನ್ನು ಕಿತ್ತು ಯಾರಿಗೂ ಕಾಣದ ಹಾಗೆ ಹಳ್ಳಕ್ಕೆ ಎಸೆದಿದ್ದಾಳೆ.

"ಅಕ್ಕ, ತಿಳಿದೋರಿಗೆ ತೋರ್ಸಾಣ. ಬಬ್ಬೂರು ಫಾರಂ ಕೃಷಿ ಕೇಂದ್ರದಾಗೆ ಹೋದ ವರ್ಷ ಎರೆಗೊಬ್ಬರದ ಟ್ರೇನಿಂಗ್ ಕೊಟ್ರಲ್ಲ, ಆ ಸುಚಿತ್ರಾ ಮೇಡಂ ನಂಬರ್ ಐತೆ ನನ್ನತ್ರ."

"ಬ್ಯಾಡ ಕಣೇ."

"ಯಾಕೆ?"

"ಈಗ ಜನ ಅಂತೆ ಕಂತೆ ಅಂತಾರೆ. ಮೇಡಂ ಬಂದು ಹೌದು ಅಂದ್ಬಿಟ್ರೆ? ಆಮೇಲೆ ಯಾರು ಬರ್ತಾರೆ ಈ ಕಡೆ? ಸಸಿ ಹೋದ್ರೆ ಮುಂದಿನ ವರ್ಷ ಮತ್ತೆ ಬೀಜ ಊರ್ತೀನಿ. ನೀವು ಎಂಟು ಜನನ ಎಲ್ಲಿಂದ ತರ್ಲಿ?"

ಅವಳು ಬೇಡ ಬೇಡ ಅನ್ನುತ್ತಿರುವಾಗಲೇ ಎಲೆಯ ಫೋಟೋ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಮೇಡಂ ಫೋನ್ ಬಂತು.

"ಚೌಡೇಶ್ವರಿಯವ್ರೇ, ಎಲೆಯ ಕೆಳಗಡೆದೂ ಒಂದು ಫೋಟೋ ಕಳಿಸ್ರಿ. ಬೆಳಕಿಗೆ ಹಿಡಿದು ಇನ್ನೊಂದು. ಸಸಿ ಒಂದೂ ಹೊರಗೆ ಕೊಡಬ್ಯಾಡ್ರಿ. ಹಳ್ಳಕ್ಕೆ ಎಸೀಬ್ಯಾಡ್ರಿ. ಗುರುವಾರ ನಾನೇ ಬರ್ತೀನಿ."

ಗುರುವಾರ ಹೊಳಲ್ಕೆರೆಯಲ್ಲಿ ಬಸ್ಸಿಳಿದು, ಆಟೋ ಹಿಡಿದು, ಬೆಳಿಗ್ಗೆ ಎಂಟೂವರೆಗೇ ಬಂದರು ಸುಚಿತ್ರಾ. ಸಣ್ಣ ವಯಸ್ಸಿನ ಹುಡುಗಿ, ಕೈಯಲ್ಲಿ ಒಂದು ಭೂತಗನ್ನಡಿ, ಚೀಲದಲ್ಲಿ ಹಳೆಯ ನ್ಯೂಸ್‌ಪೇಪರ್. ಸಸಿಮಡಿಗೆ ನೇರ ನುಗ್ಗಲಿಲ್ಲ. ಅಂಚಿನಲ್ಲೇ ನಿಂತು, "ಎಲೆ ಇನ್ನೂ ಒದ್ದೆ ಅವೆ. ಈಗ ಒಳಗೆ ಓಡಾಡಿದ್ರೆ ನಮ್ಮ ಬಟ್ಟೆನೇ ರೋಗ ಹಂಚುತ್ತೆ. ಒಣಗಲಿ" ಎಂದರು. ಒಣಗುವವರೆಗೆ ಕೂತೆವು. ಚಂದ್ರಕ್ಕ ಮೂರು ಲೋಟ ಎತ್ತಿ ಚಾ ಸುರಿದಳು.

ಆಮೇಲೆ ಮೇಡಂ ಒಂದು ಎಲೆಯನ್ನು ಆಕಾಶಕ್ಕೆ ಅಡ್ಡ ಹಿಡಿದರು. "ನೋಡ್ರಿ ಚಂದ್ರಕ್ಕ. ಗೆರೆ ಇರೋ ಕಡೆ ಬೆಳಕು ತೂರಿ ಬರ್ತೈತೆ."

ಹೌದು. ಬೋಂಡ ಕಟ್ಟಿಕೊಟ್ಟ ಪೇಪರಿಗೆ ಎಣ್ಣೆ ಇಳಿದಿರುತ್ತದಲ್ಲ, ಹಾಗೇ. ಗೆರೆ ಅಲ್ಲಿಗಿಲ್ಲಿಗೆ ಹರಡಿರಲಿಲ್ಲ, ನರದ ಗುಂಟ ನೇರ ಹೋಗಿತ್ತು.

"ಈಗ ಕೆಳಗಡೆ ತಿರುಗಿಸ್ರಿ."

ಕೆಳಗಡೆ, ಗೆರೆಯ ಮೇಲೆ, ಕೆನೆ ಬಣ್ಣದ ಸಣ್ಣ ಸಣ್ಣ ಅಂಟು ಹನಿಗಳು. ಕೆಲವು ಒಣಗಿ ತೆಳ್ಳಗೆ ಹೊಟ್ಟಿನಂತೆ ಎದ್ದಿದ್ದವು. ನಾವು ಎಂಟು ಜನ ದಿನಾ ಆ ಎಲೆಗಳ ನಡುವೆ ಕೂತಿದ್ದೆವು. ಒಬ್ಬರೂ ತಿರುಗಿಸಿ ನೋಡಿರಲಿಲ್ಲ.

"ಬಿಸಿಲಿನ ಝಳ ಅಲ್ವಾ ಹಂಗಾದ್ರೆ?" ಎಂದಳು ಚಂದ್ರಕ್ಕ. ಇನ್ನೂ ಆಸೆ ಬಿಟ್ಟಿರಲಿಲ್ಲ.

"ಬಿಸಿಲು ಹೊಡೆದ್ರೆ ಬಿಸಿಲು ಬೀಳೋ ಕಡೆ ಮಾತ್ರ ಸುಟ್ಟಂಗೆ ಒಣಗುತ್ತೆ ಅಕ್ಕ. ಅಂಟು ಬರಲ್ಲ. ಸತ್ವ ಕಮ್ಮಿಯಾದ್ರೆ ಎಲೆಗೆ ಎಲೆನೇ ಹಳದಿ ತಿರುಗುತ್ತೆ, ಹಿಂಗೆ ಗೀಟು ಬೀಳಲ್ಲ. ಶಿಲೀಂಧ್ರದ ಚುಕ್ಕೆ ಆದ್ರೆ ಸಾಮಾನ್ಯವಾಗಿ ದುಂಡಗೆ ಎದ್ದು ಸುತ್ತ ಹಳದಿ ಬಳೆ ಕಾಣುತ್ತೆ. ಇದು ನೋಡಿದ್ರೆ ದುಂಡಾಣು ಎಲೆಪಟ್ಟೆ ರೋಗ ಇರಬೇಕು ಅಂತ ಅನುಮಾನ. ದುಂಡಾಣು ಅಂದ್ರೆ ಬ್ಯಾಕ್ಟೀರಿಯಾ. ನೀವು ಹೊಡೆದಿದ್ದು ಶಿಲೀಂಧ್ರದ ಔಷಧಿ, ಅದಕ್ಕೇ ಇದು ಜಗ್ಗಿಲ್ಲ."

"ಇದು ಹೊಸಾ ರೋಗನಾ ಮೇಡಂ?" ಎಂದೆ.

"ಹೆಸರು ಹಳೇದೇ. ಈ ಕಡೆ ತೋಟದಾಗೆ ಈಗೀಗ ತಲೆ ಎತ್ತಿದಂಗೆ ಕಾಣ್ತೈತೆ. ಎಷ್ಟು ತೋಟದಾಗೆ ಐತೆ ಅಂತ ಕೇಳಿದ್ರೆ ನನಗೂ ಗೊತ್ತಿಲ್ಲ. ಯಾರೂ ತೋರ್ಸಲ್ಲ. ಎಲ್ಲಾರು ಹಳ್ಳಕ್ಕೆ ಎಸೀತಾರೆ."

ಚಂದ್ರಕ್ಕ ತಲೆ ತಗ್ಗಿಸಿದಳು. ಮೇಡಂ ಅವಳ ತೋಳು ಹಿಡಿದು, "ಬೈದಿದ್ದಲ್ಲಕ್ಕ. ಇದು ಮನುಷ್ಯರಿಗೆ ಅಂಟೋ ರೋಗ ಅಲ್ಲ. ಬಸುರಿಗೂ ಬರಲ್ಲ, ಮಗುಗೂ ಬರಲ್ಲ" ಎಂದರು. ಹನುಮಮ್ಮ ಅಂದ ಮಾತನ್ನು ನಾನು ಮೇಡಂಗೆ ಮೊದಲೇ ತಿಳಿಸಿದ್ದೆ.

ಆಮೇಲೆ ತೋಟ ಸುತ್ತಿದರು. ಚಂದ್ರಕ್ಕನ ದೊಡ್ಡ ಮರಗಳ ಕೆಳಗೆ ಬಿದ್ದ ಸೋಗೆಗಳನ್ನು ಒಂದೊಂದೇ ಎತ್ತಿ ಬೆಳಕಿಗೆ ಹಿಡಿದರು. ಒಂದರಲ್ಲೂ ಪಟ್ಟೆಯಿಲ್ಲ. ವಾಪಸ್ ಬಂದು ಚಪ್ಪರದ ಕೆಳಗೆ ನಿಂತು ಮೇಲೆ ನೋಡಿದರು. ಒಣಗಿದ ಸೋಗೆಯ ತುಂಬ ಕಂದು ಗೀಟು. ಸಸಿಗಳಲ್ಲೂ ಚಪ್ಪರದ ಹನಿ ಬೀಳುವ ಸಾಲೇ ಹೆಚ್ಚು ಕೆಟ್ಟಿತ್ತು.

"ಮಳೆ ನೀರು ಈ ಸೋಗೆ ತೊಳ್ಕೊಂಡು ಸಸಿ ಮೇಲೆ ಇಳಿದೈತೆ" ಎಂದರು. "ಚಂದ್ರಕ್ಕ, ನಿಮ್ಮ ಮರದಾಗೆ ರೋಗ ಇಲ್ಲ. ಈ ಸೋಗೆ ಎಲ್ಲಿಂದ ತಂದ್ರಿ?"

ಶ್ರಾವಣದಲ್ಲಿ ನನ್ನ ಗಂಡ ನಮ್ಮ ಎಳೆ ತೋಟದ ಮಚ್ಚೆ ಬಿದ್ದ ಸೋಗೆಗಳನ್ನೆಲ್ಲ ಕಡಿದು, ಒಂದು ಟ್ರೇಲರ್ ಪೂರ್ತಿ ಚಂದ್ರಕ್ಕನ ಮನೆ ಮುಂದೆ ಸುರಿದು ಬಂದಿದ್ದರು. "ಪಾಪ, ಒಂಟಿ ಹೆಂಗಸು, ಎಲ್ಲಿ ತರ್ತಾಳೆ" ಎಂದು ಕಳಿಸಿದವಳು ನಾನೇ.

ಚಂದ್ರಕ್ಕ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ, "ಯಾರೋ ಹಾಕಿ ಹೋದ್ರು ಮೇಡಂ. ನೆನಪಿಲ್ಲ" ಎಂದಳು.

ಯಾರೋ! ಬೆಳಗ್ಗೆ ಎದ್ದರೆ ಬದುವಿನಾಚೆ ಕಾಣುವ ನಮ್ಮ ತೋಟ ಅವಳಿಗೆ ನೆನಪಿಲ್ಲವಂತೆ. ಸುಮ್ಮನಿದ್ದರೆ ನಾನು ಬಚಾವ್. ರೋಗದ ತೋಟ ಎಂಬ ಹೆಸರು ಹೇಗೂ ಅವಳಿಗೆ ಅಂಟಿದೆ, ಅವಳಿಗೇ ಇರಲಿ ಎಂದು ಒಂದು ಗಳಿಗೆ ಮನಸ್ಸು ಅಂದದ್ದು ನಿಜ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

"ನಮ್ಮ ತೋಟದ್ದು ಮೇಡಂ" ಎಂದೆ.

ಚಂದ್ರಕ್ಕ ತಟ್ಟನೆ ತಲೆ ಎತ್ತಿದಳು. "ಯಾಕೇ ಹೇಳಿದೆ? ನಾನು ಹೇಳಿದ್ನಾ ನಿನ್ನ ಹೆಸರು?"

"ನೀನ್ಯಾಕೆ ಮುಚ್ಚಿಟ್ಟೆ ಅಕ್ಕ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಷ್ಟು ದಿನದಾಗೆ ನೀನೊಬ್ಬಳೇ ಕಣೇ ಬಂದಿದ್ದು. ನಿನ್ನ ಹೆಸರು ಹೇಳಿದ್ರೆ ನೀನೂ ಬರಾದು ಬಿಡ್ತಿದ್ದೆ."

ನಾನು ಅಲ್ಲೇ ಸಸಿಮಡಿಯ ಅಂಚಿನಲ್ಲಿ ಕೂತು ಅತ್ತುಬಿಟ್ಟೆ. ಅವಳ ಹೆಸರು ಕೆಡಿಸಿದವಳು ನಾನು, ರೋಗ ಕಳಿಸಿದವಳೂ ನಾನು. ಆದರೂ ಅವಳು ನನ್ನ ಹೆಸರು ಬಚ್ಚಿಟ್ಟಿದ್ದಳು.

ಬದು ದಾಟಿ ನಮ್ಮ ತೋಟಕ್ಕೆ ಹೋದೆವು. ದುರ್ಗೇಶ್ ಎದುರಿಗೆ ಬಂದವರೇ, "ನಮ್ಮ ಗಿಡಕ್ಕೇನೂ ಆಗಿಲ್ಲ ಮೇಡಂ. ಮಳೆಗೆ ಎಲೆ ಒಂಚೂರು ಮಚ್ಚೆ ಆಗೈತೆ. ಎಲ್ಲಾರ ತೋಟದಾಗೂ ಇರೋದೇ" ಎಂದರು.

"ಆಗಿಲ್ಲ ಅಂದ್ರೆ ಒಳ್ಳೇದೇ ಅಣ್ಣ. ಒಂದು ಎಲೆ ನೀವೇ ಹಿಡಿದು ನೋಡ್ರಿ, ನಾನು ಮುಟ್ಟಲ್ಲ" ಎಂದರು ಮೇಡಂ.

ಅವರು ಹಿಡಿದರು. ಬೆಳಕಿಗೆ ಎತ್ತಿದರು. ತಿರುಗಿಸಿದರು. ಕೆಳಗಿನ ಅಂಟು ಬೆರಳಿಗೆ ಹತ್ತಿತು. ಆ ಬೆರಳನ್ನು ನನ್ನ ಕಡೆ ಚಾಚಿದರು. "ಇದನ್ನ ನಾನೇ ಹೇರಿ ಕಳಿಸಿದ್ನಲ್ಲಾ" ಎಂದರು.

"ಗೊತ್ತಿದ್ದು ಮಾಡಿದ್ದಲ್ಲ" ಎಂದರು ಮೇಡಂ. "ಈ ರೋಗ ಎಳೆ ಗಿಡಕ್ಕೇ ಹೆಚ್ಚು. ಹಂಗೇ ಬಿಟ್ರೆ ಸುಳಿವರೆಗೂ ಹೋಗಿ ಗಿಡನೇ ಸಾಯಬಹುದು. ಆದ್ರೆ ನಾನು ನೋಡಿ ಹೇಳಿದ್ದು ಅನುಮಾನ ಅಷ್ಟೇ. ಲ್ಯಾಬಿನಾಗೆ ಖಾತ್ರಿ ಮಾಡ್ಕಂಡೇ ಔಷಧಿ."

ಎಲೆಯ ತುಂಡು ಹೇಗೆ ತೆಗೆಯಬೇಕೆಂದು ನಮ್ಮ ಕೈಯಲ್ಲೇ ಮಾಡಿಸಿದರು. ಪೂರ್ತಿ ಒಣಗಿದ ಎಲೆ ಪ್ರಯೋಜನವಿಲ್ಲ. ಅರ್ಧ ಪಟ್ಟೆ, ಅರ್ಧ ಹಸಿರು ಇರುವ ಜಾಗ ಬೇಕು. ಒದ್ದೆ ಮಾಡಬಾರದು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಕೊಳೆಯುತ್ತದೆ, ಪೇಪರಿನಲ್ಲಿ ಸುತ್ತಬೇಕು. ಮೇಲೆ ತೋಟದ ಹೆಸರು, ಊರು, ತಾರೀಕು. ಚಂದ್ರಕ್ಕನದು ಒಂದು ಕಟ್ಟು, ನಮ್ಮದು ಒಂದು. ಹೊರಡುವಾಗ ಪಂಪಿನ ಹತ್ತಿರ ಕೈ, ಚಪ್ಪಲಿ, ಕತ್ತಿ ಎಲ್ಲ ಸೋಪು ಹಾಕಿ ತೊಳೆದು, "ಒಳಗೆ ಬರುವಾಗಲೂ ಹಿಂಗೇ, ಹೋಗುವಾಗಲೂ ಹಿಂಗೇ" ಎಂದರು.

ಆರನೆಯ ದಿನ ಮೇಡಂ ಫೋನ್ ಮಾಡಿದರು. ಎಲೆಯ ಚೂರನ್ನು ನೀರಿನಲ್ಲಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕತ್ತರಿಸಿದ ಅಂಚಿನಿಂದ ದುಂಡಾಣು ಹೊಗೆಯ ಹಾಗೆ ಹೊರಗೆ ಬಂದವಂತೆ. ಮಿಕ್ಕ ಪರೀಕ್ಷೆಯೂ ಆಯಿತು. ಎರಡೂ ಕಟ್ಟಿನಲ್ಲಿ ಒಂದೇ ರೋಗ.

ನಾನು, ದುರ್ಗೇಶ್, ಚಂದ್ರಕ್ಕ ಸೇರಿ ಚಪ್ಪರ ಬಿಚ್ಚಿ ಸುಟ್ಟೆವು. ಹೆಚ್ಚು ಕೆಟ್ಟ ಸಸಿಗಳನ್ನೂ ಸುಟ್ಟೆವು. ಚಂದ್ರಕ್ಕ ಅವನ್ನು ಒಂದೊಂದೇ ಬೆಂಕಿಗೆ ಹಾಕಿದಳು, ಎಸೆಯಲಿಲ್ಲ, ಇಟ್ಟಳು. ಉಳಿದವನ್ನು ದೂರ ದೂರ ಜೋಡಿಸಿ, ಮೇಲೆ ಹಸಿರು ನೆರಳು ಬಲೆ ಕಟ್ಟಿ, ನೀರು ಬುಡಕ್ಕೆ ಮಾತ್ರ ಬಿಟ್ಟೆವು. ಮೇಡಂ ಬರೆದುಕೊಟ್ಟ ಔಷಧಿಯನ್ನು ಅವಳ ಸಸಿಗೂ ನಮ್ಮ ತೋಟದ ಗಿಡಕ್ಕೂ ಬರೆದುಕೊಟ್ಟ ಅಳತೆಯಲ್ಲೇ ಹೊಡೆದೆವು. ಅದರ ಹೆಸರು ಇಲ್ಲಿ ಹಾಕುವುದಿಲ್ಲ. ನಮ್ಮ ಚೀಟಿ ನೋಡಿ ನೀವು ನಿಮ್ಮ ಗಿಡಕ್ಕೆ ಹೊಡೆದರೆ ಮತ್ತೆ ಅಂಗಡಿಯ ಕಥೆಯೇ ಆಗುತ್ತದೆ. ಎರಡು ತಿಂಗಳು ಕಳೆದ ಮೇಲೆ ಬಂದ ಹೊಸ ಎಲೆಗಳಲ್ಲಿ ಪಟ್ಟೆ ಕಾಣಲಿಲ್ಲ. ಮೇಡಂ ಮತ್ತೊಮ್ಮೆ ಬಂದು ನೋಡಿ ಸರಿ ಅನ್ನುವವರೆಗೂ ಚಂದ್ರಕ್ಕ ಒಂದು ಸಸಿಯನ್ನೂ ಹೊರಗೆ ಕೊಡಲಿಲ್ಲ.

ಮೇಡಂ ಫೋನ್ ಬಂದ ವಾರವೇ ಸಂಘದ ಸಭೆಯಲ್ಲಿ ನಾನು ಎದ್ದು ನಿಂತು ಎಲ್ಲ ಹೇಳಿದ್ದೆ. ಡೇರಿಯ ಮಾತನ್ನೂ ಹೇಳಿದೆ, ಟ್ರೇಲರ್ ಸೋಗೆಯನ್ನೂ ಹೇಳಿದೆ. ಆಗ ಸಂಘದ ಮೇಘಶ್ರೀ ಮೆಲ್ಲಗೆ, "ಚೌಡಕ್ಕ, ನಮ್ಮ ಸಸಿ ಎಲೆದಾಗೂ ಹಂಗೇ ಐತೆ. ಹೇಳಿದ್ರೆ ನಮ್ಮನೀಗೂ ಯಾರೂ ಬರಲ್ಲ ಅಂತ ಸುಮ್ಮನಿದ್ದೆ" ಎಂದಳು. ಅಲ್ಲಿಗೆ ಗೊತ್ತಾಯಿತು, ಊರಲ್ಲಿ ಎಷ್ಟು ಜನ ಎಲೆ ಮುಚ್ಚಿಟ್ಟುಕೊಂಡು ಒಬ್ಬೊಬ್ಬರೇ ಕೂತಿದ್ದಾರೆಂದು.

ಮರುದಿನ ಚಂದ್ರಕ್ಕನ ಮನೆಗೆ ನಾಲ್ವರು ಹೋದೆವು. ಪಂಪಿನ ಹತ್ತಿರ ಕೈಕಾಲು ತೊಳೆದುಕೊಂಡೇ ಒಳಗೆ ಹೋದೆವು. ಅವಳು ಲೋಟ ತಿರುಗಿಸಿಟ್ಟಳು. ಎದ್ದು ಹೊರಟಾಗ, "ಇಷ್ಟು ಬಿರ್ರನೆ ಹೊಂಟ್ರಾ?" ಎಂದಳು. ಈ ಸಲ ಯಾರೂ ರೇಗಿಸಲಿಲ್ಲ. ಮತ್ತೆ ಕೂತೆವು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ತೋಟಕ್ಕೆ ಹೋಗಿ. ಎಲೆ ಒಣಗಿರುವ ಹೊತ್ತು ನೋಡಿ, ಒಂದು ಎಲೆ ಹಿಡಿದು ಬೆಳಕಿಗೆ ಎತ್ತಿ, ಕೆಳಗಡೆ ತಿರುಗಿಸಿ. ನರದ ಗುಂಟ ಎಣ್ಣೆ ಇಳಿದಂಥ ಪಟ್ಟೆ, ಕೆನೆ ಬಣ್ಣದ ಅಂಟು ಕಂಡರೆ ಹಳ್ಳಕ್ಕೆ ಎಸೆಯಬೇಡಿ, ಸೋಗೆ ಯಾರಿಗೂ ಕೊಡಬೇಡಿ, ಸಸಿ ಸಾಗಿಸಬೇಡಿ. ಪೇಪರಿನಲ್ಲಿ ಸುತ್ತಿಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಹೋಗಿ. ಪಕ್ಕದ ತೋಟದವರಿಗೆ ನೀವೇ ಬಾಯಿಬಿಟ್ಟು ಹೇಳಿ. ಪಕ್ಕದವರು ನಿಮಗೆ ಹೇಳಿದರೆ ಬೇಲಿಯ ಆಚೆ ನಿಲ್ಲಬೇಡಿ, ಕೈಕಾಲು ತೊಳೆದುಕೊಂಡು ಒಳಗೆ ಹೋಗಿ ಕೂರಿ.

ಚಂದ್ರಕ್ಕನ ಒಲೆಯ ಪಕ್ಕ ಈಗ ಎಂಟು ಲೋಟ ದಿನಾ ಏಳುತ್ತವೆ. ಒಂದು ಇನ್ನೂ ಬೋರಲೇ ಇದೆ, ಅವಳು ಅದನ್ನೂ ದಿನಾ ತೊಳೆಯುತ್ತಾಳೆ. ಹನುಮಮ್ಮಾ, ಸಂಘದಲ್ಲಿ ಯಾರಾದರೂ ಇದನ್ನು ನಿನಗೆ ಓದಿ ಹೇಳಿದರೆ ಕೇಳಿಸಿಕೋ. ಸ್ವಾತಿಗೂ ಏನೂ ಆಗಲ್ಲ, ಮಗುಗೂ ಏನೂ ಆಗಲ್ಲ. ಬಾರೇ, ಚಾ ಆರ್ತೈತೆ.